ಆರೂವರೆಯ ಎದೆನೋವು

ಸಕಲ ಭಯಗಳಿಗೂ ಮೂಲ ಮರಣಭಯವೇ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ಆದರೆ ಮೂವತ್ತಾರನೆಯ ವಯಸ್ಸಿನಲ್ಲಿ ಎದೆನೋವು ಬಂದಾಗ ನಾನು ಮೊದಲು ಹೆದರಿದ್ದು ನನ್ನ ಹೆಂಡತಿ ವತ್ಸಲಾಳಿಗೆ.

ಕಾರಣವಿತ್ತು. ನಮ್ಮ ಇಲಾಖೆಯ ಹಗ್ಗಜಗ್ಗಾಟದ ತಂಡಕ್ಕೆ ನನ್ನನ್ನು ಆರಿಸಿದ್ದರು. ಪರಿಗಣಿಸಿದ್ದು ನನ್ನ ತೂಕವೊಂದನ್ನೇ ಎಂಬುದನ್ನು ಮನೆಯಲ್ಲಿ ಹೇಳದೆ, ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸ್ ಮುಂದಿನ ಪಾರ್ಕಿನಲ್ಲಿ ದಂಡ ಹೊಡೆಯತೊಡಗಿದೆ. "ಹತ್ತು ವರ್ಷ ಕುರ್ಚಿ ಬಿಟ್ಟು ಏಳದೋರು ಒಂದೇ ಸಲ ನಲವತ್ತು ಹೊಡೀಬೇಡಿ" ಎಂದು ವತ್ಸಲಾ ಎಚ್ಚರಿಸಿದ್ದಳು. ಹಾಗಾಗಿ ನಲವತ್ತೆರಡು ಹೊಡೆದೆ. ಎದೆಯ ಎಡಭಾಗವನ್ನು ಯಾರೋ ಹಿಡಿದು ಹಿಂಡಿದಂತಾಯಿತು. ಆಗ ಬೆಳಿಗ್ಗೆ ಆರೂವರೆ. ಮನೆಗೆ ಬಂದು, ಸ್ನಾನ ಮಾಡಿ, ದೋಸೆ ತಿನ್ನುವವರೆಗೂ ಆ ನೋವನ್ನು ಗ್ಯಾಸ್ ಎಂಬ ಶೀರ್ಷಿಕೆಯಡಿ ಇಟ್ಟಿದ್ದೆ. ಒಂಬತ್ತಕ್ಕೆ ಬೆಲ್ಟು ಬಿಗಿಯುತ್ತ ಬೆವತು ಕುಳಿತಾಗ ವತ್ಸಲಾ ಆಟೋ ಕರೆದಳು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಳೆಯ ಡಾಕ್ಟರಮ್ಮ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದು, "ದರ್ದ್ ಕಬ್ ಸೇ ಹೈ?" ಎಂದು ನೋವು ಶುರುವಾದ ಹೊತ್ತನ್ನು ಹಿಂದಿಯಲ್ಲಿ ಕೇಳಿದರು. ವತ್ಸಲಾ ಪಕ್ಕದಲ್ಲೇ ನಿಂತಿದ್ದಳು.

"ಅಭೀ, ನೌ ಬಜೇ ಸೇ" ಎಂದೆ, ಈಗಷ್ಟೇ ಒಂಬತ್ತಕ್ಕೆ ಶುರುವಾದಂತೆ. ಕಚೇರಿಯಲ್ಲಿ ಬೆರಳಿಡುವ ಯಂತ್ರ ಕೆಟ್ಟ ದಿನಗಳಲ್ಲಿ ಹಾಜರಿ ಪುಸ್ತಕ ತುಂಬಿ ಕಲಿತ ವಿದ್ಯೆ. ಗಂಟೆಯನ್ನು ಅನುಕೂಲಕ್ಕೆ ತಕ್ಕಂತೆ ಬರೆಯಲು ನನ್ನ ನಾಲಿಗೆಗೂ ಅಭ್ಯಾಸವಾಗಿತ್ತು.

"ಸಾಢೇ ಛೇ ಬಜೇ ಸೇ" ಎಂದು ವತ್ಸಲಾ ಶಾಂತವಾಗಿ ಅದನ್ನು ಆರೂವರೆಗೆ ತಿದ್ದಿದಳು.

ನೋವು ಶುರುವಾದ ಹೊತ್ತು ತಿಳಿದರೇ ರಕ್ತಪರೀಕ್ಷೆಗೆ ಅರ್ಥ, ಮೂರು ಗಂಟೆ ಬಿಟ್ಟು ಇನ್ನೊಂದು ಪರೀಕ್ಷೆ, ಅಲ್ಲಿಯವರೆಗೆ ಇಲ್ಲೇ ಮಲಗಿರಬೇಕು ಎಂದು ಡಾಕ್ಟರಮ್ಮ ವಿವರಿಸಿದರು. ಯಾರ ಮಾತು ಬರೆದುಕೊಳ್ಳಲಿ ಎಂದೂ ಕೇಳಿದರು. ನಾನು ವತ್ಸಲಾಳ ಕಡೆ ಕೈ ತೋರಿಸಿದೆ.

ಅವರು ಹೋದ ಮೇಲೆ, "ನಿನಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ಪಾರ್ಕಿಂದ ಎದೆ ಒತ್ಕೊಂಡು ಬಂದ್ರಿ. ಮೂರನೇ ದೋಸೆ ಬೇಡ ಅಂದ್ರಿ. ಮದುವೆಯಾದ ಒಂಬತ್ತು ವರ್ಷದಲ್ಲಿ ಇದೇ ಮೊದಲು."

"ಮತ್ತೆ ಆಗಲೇ ಯಾಕೆ ಕೇಳಲಿಲ್ಲ?"

ಅವಳು ನನ್ನ ಹೊದಿಕೆಯ ಅಂಚನ್ನು ಎರಡು ಸಲ ಸರಿಮಾಡಿದಳು. "ಕೇಳಿದ್ರೆ ನೀವು ಹೌದು ಅಂದ್ಬಿಟ್ರೆ ಅಂತ ಭಯ ಆಯ್ತು ರೀ. ನಾನೂ ಗ್ಯಾಸ್ ಅಂತಲೇ ಅಂದ್ಕೊಂಡೆ."

ಜಗತ್ತಿನಲ್ಲಿ ಸುಳ್ಳು ಲೆಕ್ಕ ಬರೆಯುವವನು ನಾನೊಬ್ಬನೇ ಎಂಬ ಹೆಮ್ಮೆ ಅಲ್ಲಿಗೆ ಮುಗಿಯಿತು. ನನ್ನ ತೋರುಬೆರಳಿಗೆ ಕ್ಲಿಪ್ ಹಾಕಿದ್ದರು. ಉಳಿದ ಬೆರಳುಗಳನ್ನು ಅವಳು ಹಿಡಿದುಕೊಂಡಳು. ಅವಳ ಕೈ ನನ್ನದಕ್ಕಿಂತ ತಣ್ಣಗಿತ್ತು. ಪರೀಕ್ಷೆಗೆ ಒಳಗಾಗಬೇಕಾದವರು ಯಾರು ಎಂಬ ಸಂಶಯ ನನಗೆ ಬಂತು. "ಏನೂ ಆಗಲ್ಲ" ಎಂದೆ. "ನೀವು ಸುಮ್ನೆ ಮಲಗಿ. ನಿಮ್ಮ ಮಾತನ್ನ ಡಾಕ್ಟರೇ ನಂಬಲಿಲ್ಲ" ಎಂದಳು. ಕೈ ಬಿಡಲಿಲ್ಲ.

ಮನೆಗೆ ಕಳಿಸುವಾಗ ಕೊಟ್ಟ ಹಾಳೆಯಲ್ಲಿ, ಮಾಹಿತಿ ನೀಡಿದವರು ಪತ್ನಿ, ವಿಶ್ವಾಸಾರ್ಹರು ಎಂದು ಬರೆದಿತ್ತು. ರೋಗಿಯ ಬಗ್ಗೆ ಅಂಥ ಮಾತೇನೂ ಇರಲಿಲ್ಲ. ಎರಡನೆಯ ರಕ್ತಪರೀಕ್ಷೆಯೂ ಸರಿಯಾಗಿತ್ತು. ಉಳುಕಿದ್ದು ಎದೆಯ ಸ್ನಾಯು. ಮಧ್ಯಾಹ್ನ ಎರಡೂವರೆಗೆ ನಾವಿಬ್ಬರೂ ಮನೆ ತಲುಪಿದೆವು.