ಸವೆಯದ ಕಿಣ್ವದ ವಿಚಾರಣೆ

ಪಿಷ್ಟ ಸಂಸ್ಕರಣಾ ನಿಗಮದ ನಲವತ್ತೊಂದನೆಯ ನಿಯಮದ ಪ್ರಕಾರ, ಕೆಲಸ ಮಾಡಿದ ಯಾವುದೇ ವಸ್ತುವು ಕೆಲಸ ಮುಗಿದ ಮೇಲೆ ಸವೆದಿರತಕ್ಕದ್ದು. ಪೊರಕೆ ಸವೆಯುತ್ತದೆ, ಪೆನ್ಸಿಲ್ ಸವೆಯುತ್ತದೆ, ಏನೂ ಮಾಡದ ಗುಮಾಸ್ತರ ಕುರ್ಚಿಯೂ ಸವೆಯುತ್ತದೆ. ಪಿಷ್ಟದ ತೊಟ್ಟಿಗೆ ಹಾಕಿದ ಕಿಣ್ವ ಮಾತ್ರ ಸವೆದಿರಲಿಲ್ಲ.

ಈ ಸಂಗತಿಯನ್ನು ನಿಗಮದ ಗಮನಕ್ಕೆ ತಂದವರು ಬೇರೆ ಯಾರೂ ಅಲ್ಲ, ಅಲ್ಲಿನ ರಸಾಯನತಜ್ಞರೇ. ಯಾರು ಸಿಕ್ಕರೂ ನಿಲ್ಲಿಸಿ ಪಾಠ ಹೇಳುತ್ತಿದ್ದರಿಂದ ಅವರಿಗೆ ‘ಕಿಣ್ವದ ಮೇಷ್ಟ್ರು’ ಎಂದೇ ಹೆಸರು. ಹನ್ನೊಂದು ವರ್ಷದಿಂದ ಹಂಗಾಮಿ ನೌಕರಿ. ಈ ಸಲವಾದರೂ ಕಾಯಂ ಆಗಲೆಂದು ವಾರ್ಷಿಕ ವರದಿಯಲ್ಲಿ ಜಾಣತನ ತೋರಿಸಲು ಹೋಗಿ, “ಪಿಷ್ಟವನ್ನು ಸಿಹಿಪಾಕ ಮಾಡಿದ ಮೇಲೂ ಕಿಣ್ವ ಹಾಕಿದಂತೆಯೇ ಉಳಿಯುತ್ತದೆ” ಎಂದು ಬರೆದು, ಅಡಿಗೆರೆ ಬೇರೆ ಎಳೆದಿದ್ದರು. ತಲೆ ಮೇಲೆ ತಾವೇ ಚಪ್ಪಡಿ ಎಳೆದುಕೊಳ್ಳುವುದರಲ್ಲಿ ಅವರದು ಮೊದಲಿನಿಂದಲೂ ಪಳಗಿದ ಕೈ.

“ಹಾಕಿದ ಹಾಗೇ ಇದೆ ಅಂದ್ರೆ ಕೆಲ್ಸ ಮಾಡಿಲ್ಲ ಅಂತ ತಾನೇ?” ವಿಚಾರಣಾ ಸಮಿತಿಯಲ್ಲಿ ನಿರ್ದೇಶಕರು ಕೇಳಿದರು.

“ಮಾಡಿದೆ ಸಾರ್. ಪಿಷ್ಟ ಒಡೆಯೋಕೆ ಮೊದ್ಲು ಒಂದು ಏರು ಹತ್ಬೇಕು. ಕಿಣ್ವ ಆ ಏರನ್ನ ತಗ್ಗಿಸುತ್ತೆ, ಕೆಲ್ಸ ಬೇಗ ಆಗುತ್ತೆ. ಆಮೇಲೆ ಅದೇ ಕಿಣ್ವ ಮುಂದಿನ ಪಿಷ್ಟದ ಹತ್ರ ಹೋಗುತ್ತೆ.”

“ಏರು ತಗ್ಗಿಸೋಕೆ ಯಾರು ಮಂಜೂರಾತಿ ಕೊಟ್ರು?”

ಮೇಷ್ಟ್ರು ಕಡತ ತಿರುವಿ ನೋಡಿದರು. ಮಂಜೂರಾತಿ ಇರಲಿಲ್ಲ.

“ಹೋಗ್ಲಿ, ಕಿಣ್ವ ಇಲ್ದೇ ಇದ್ರೆ ಪಿಷ್ಟ ಒಡೆಯೋದೇ ಇಲ್ವಾ?”

ಇಲ್ಲವೆಂದು ತಲೆಯಾಡಿಸಿದ್ದರೆ ಬಚಾವಾಗುತ್ತಿದ್ದರು. ಆದರೆ ಪಾಠದ ಚಟ ಬಿಡಬೇಕಲ್ಲ. “ಒಡೆಯುತ್ತೆ ಸಾರ್. ತಾನಾಗೇ ಆಗೋ ಕೆಲ್ಸವೇ ಅದು. ಕಿಣ್ವ ಬೇಗ ಮಾಡಿಸುತ್ತೆ, ಅಷ್ಟೇ. ಸುಮ್ನೆ ಬಿಟ್ರೆ ಹತ್ತಾರು ತಲೆಮಾರು ಹಿಡಿಯುತ್ತೆ.”

“ಆಗೇ ಆಗೋದಕ್ಕೆ ಅವಸರ ಯಾಕ್ರೀ?” ನಿರ್ದೇಶಕರು ಪ್ರೀತಿಯಿಂದಲೇ ಕೇಳಿದರು.

ಸಮಿತಿಯವರೆಲ್ಲ ಹೌದೌದೆಂದು ತಲೆದೂಗಿದರು. ನಾಚಿಕೆಯ ಸಂಗತಿಯೆಂದರೆ ಮೇಷ್ಟ್ರೂ ತಲೆದೂಗಿದರು. ಸಂಜೆಯೊಳಗೆ ಆದೇಶ ಹೊರಬಿತ್ತು:

“ಸವೆಯದೆ ಕಾಲಹರಣ ಮಾಡಿದ ಕಿಣ್ವವನ್ನು ಅಮಾನತಿನಲ್ಲಿಡಲಾಗಿದೆ. ಇನ್ನು ಮುಂದೆ ಪಿಷ್ಟವು ತನ್ನ ಸ್ವಂತ ಜವಾಬ್ದಾರಿಯ ಮೇಲೆ ಒಡೆಯತಕ್ಕದ್ದು. ಸದರಿ ಕಾರ್ಯವು ಹಲವು ತಲೆಮಾರುಗಳ ಕಾಲ ನಡೆಯುವುದರಿಂದ ಅದರ ಉಸ್ತುವಾರಿ ಹುದ್ದೆಯನ್ನು ಕಾಯಂ ಎಂದು ಪರಿಗಣಿಸಿ, ಕಾಯುವುದರಲ್ಲಿ ಹನ್ನೊಂದು ವರ್ಷಗಳ ಅನುಭವವುಳ್ಳ ರಸಾಯನತಜ್ಞರನ್ನು ನೇಮಿಸಲಾಗಿದೆ.”

ವಿಜ್ಞಾನದ ಪರವಾಗಿ ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ, ಅದರ ಹಿಂದೆಯೇ ಕಣ್ಣೀರು. ಮೂಗು ಒರೆಸಿಕೊಂಡು ಹೆಂಡತಿಗೆ ಫೋನು ಮಾಡಿದರು.

“ಕಾಯಂ ಆಯ್ತು ಕಣೇ!”

“ನಿಜವಾಗ್ಲೂ? ಏನಂತೆ ಕೆಲ್ಸ?”

“ತೊಟ್ಟಿ ಮುಂದೆ ಕೂತು ನೋಡೋದು.”

“ಏನಾದ್ರೂ ಆಗುತ್ತಾ ಅದ್ರಲ್ಲಿ?”

“ನಮ್ಮ ಕಾಲದಲ್ಲಂತೂ ಆಗಲ್ಲ.”

“ಸದ್ಯ!” ಎಂದಳು ಹೆಂಡತಿ. “ಬೇಗ ಮುಗಿದುಬಿಟ್ರೆ ಮತ್ತೆ ಮನೆಗೆ ಕಳಿಸ್ತಾರೆ. ಹುಷಾರಾಗಿ ನೋಡ್ಕೊಳ್ಳಿ.”

ಮಾತು ಸರಿ ಅನ್ನಿಸಿತು. ಒಂದು ತೊಟ್ಟು ಕಿಣ್ವ ಅಕಸ್ಮಾತ್ತಾಗಿ ತೊಟ್ಟಿಗೆ ಬಿದ್ದರೂ ಸಂಸಾರ ಬೀದಿಗೆ ಬರುತ್ತದೆ. ಮರುದಿನ ಮೇಷ್ಟ್ರು ಎಲ್ಲರಿಗಿಂತ ಮೊದಲೇ ನಿಗಮಕ್ಕೆ ಹೋಗಿ, ಕಿಣ್ವದ ಕಪಾಟಿಗೆ ಇನ್ನೊಂದು ಬೀಗ ಹಾಕಿದರು.