ಮಾವನ ಮಂಡಿಗೆ ಆಯುಧಪೂಜೆ

ನಮ್ಮ ಸೋದರಮಾವನಷ್ಟು ದೂರ ನಡೆದವರು ಇಡೀ ಸಾಂಟಾ ಕ್ಲಾರಾದಲ್ಲಿ ಇನ್ನೊಬ್ಬರಿಲ್ಲ. ಏನು ಮಾಡುವುದು, ನಡೆದದ್ದೆಲ್ಲ ನಿದ್ದೆಯಲ್ಲಿ! ಸಕ್ಕರೆ ಕಾಯಿಲೆ ಬಲಗಾಲನ್ನು ತೊಡೆಯವರೆಗೆ ಕಿತ್ತುಕೊಂಡ ಮೇಲೆ, ಎಚ್ಚರವಿದ್ದರೆ ಸೋಫಾದಿಂದ ಬಾತ್‌ರೂಮಿಗೆ. ಕಣ್ಣು ಮುಚ್ಚಿದರೆ ಹಾಸನದ ಬೀದಿಗಳು.

"ರಾತ್ರಿ ಸಂತೆಗೆ ಹೋಗ್ಬಂದೆ ಕಣೋ, ಸಾಕಾಯ್ತು," ಎನ್ನುವರು ಕಾಫಿ ಹೀರುತ್ತ.

"ಹೋದೋರು ಒಂದ್ ಕಟ್ಟು ಸೊಪ್ಪಾದ್ರೂ ತರಬಾರದಿತ್ತಾ?" ಅತ್ತೆ ಒಳಗಿಂದಲೇ ಕೇಳುವರು.

ಊರಿಗೆ ಊರೇ ಡಾಟ್‌ಕಾಮ್ ಕನಸು ಕಾಣುತ್ತಿದ್ದ ಕಾಲ ಅದು. ಕಂಪನಿ ಕೊಟ್ಟ ಸ್ಟಾಕ್ ಆಪ್ಷನ್ ನಂಬಿ ಕೋಟ್ಯಧಿಪತಿಯಾಗಲು ಕಾದು ಕೂತಿದ್ದ ನನಗೆ ಮಾವನನ್ನು ನೋಡಿ ನಗುವ ಹಕ್ಕೆಲ್ಲಿತ್ತು? ಅಷ್ಟರಲ್ಲಿ ಬಂತು, ಕಂಪ್ಯೂಟರಿರುವ ಕೃತಕ ಮಂಡಿ! ಹೆಜ್ಜೆ ನೋಡಿಕೊಂಡು ತಾನೇ ಬಿಗಿಯುತ್ತದೆ, ತಾನೇ ಸಡಿಲುತ್ತದೆ, ಮುಗ್ಗರಿಸಿದರೆ ತಡೆಯುತ್ತದೆ. ಆದರೆ ಮನೆಯೊಳಗೇ ಇರುವವರಿಗೆ ಅದು ದಂಡವೇನೋ ಎಂದು ಕ್ಲಿನಿಕ್ಕಿನವರ ಅನುಮಾನ. ಕೆಲವು ವಾರ ಹಾಕಿಕೊಂಡು ನೋಡಲು ಕೊಟ್ಟರು. ಕೊನೆಯಲ್ಲಿ ಕಂಬಿ ಹಿಡಿಯದೆ ಇಳಿಜಾರು ಇಳಿದು ತೋರಿಸಿದರೆ ಮಂಡಿ ಮಾವನದು. ಇಲ್ಲವೇ ವಾಪಸ್ಸು.

ಅಳಿಯನಾದ ನನಗೂ ಸಿಗದ ಉಪಚಾರ ಆ ಮಂಡಿಗೆ! ಮಾವ ಅದನ್ನು ಚಾರ್ಜಿಗೆ ಹಾಕಿ, "ಶ್! ಮಲಗಿದೆ," ಎಂದು ಟಿವಿ ಆರಿಸುತ್ತಿದ್ದರು. ಪರೀಕ್ಷೆಯ ದಿನ ಕರೆದುಕೊಂಡು ಹೋಗಲು ಬಂದು ನೋಡುತ್ತೇನೆ, ಮಂಡಿ ದೇವರ ಮುಂದಿದೆ! ಅರಿಶಿನ, ಕುಂಕುಮ, ಸುತ್ತಲೂ ಸೇವಂತಿಗೆ.

"ಮಾವ, ಅಪಾಯಿಂಟ್‌ಮೆಂಟು!"

"ಇವತ್ತು ಆಯುಧಪೂಜೆ ಕಣಯ್ಯ. ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಎತ್ತೋ ಹಾಗಿಲ್ಲ."

"ನನ್ ಕಾರಿಗೂ ಪೂಜೆ ಆಯ್ತು. ಓಡಿಸ್ಕೊಂಡೇ ಬಂದೆನಲ್ಲ!"

"ಅದಕ್ಕೇ ಅದು ಫ್ರೀವೇಲಿ ಕೆಟ್ಟು ನಿಲ್ಲೋದು."

ತಲೆ ಚಚ್ಚಿಕೊಂಡು ಕ್ಲಿನಿಕ್ಕಿಗೆ ಫೋನು ಮಾಡಿದೆ. ಮಂಡಿಗೆ ಹಬ್ಬ ಎಂದು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ ಸ್ವಾಮಿ? ನಡಿಗೆ ಕಲಿಸುವ ಥೆರಪಿಸ್ಟ್ ಹೆಂಗಸು, ಪಾಪ, ರಜೆ ಅದಕ್ಕೂ ಬೇಕು, ನಾಳೆ ಬನ್ನಿ ಎಂದರು.

ಮರುದಿನ ಎಳೆಬಿಸಿಲು. ಮಾವ ಕ್ಲಿನಿಕ್ಕಿನ ಇಳಿಜಾರಿನ ಮೇಲ್ತುದಿಯಲ್ಲಿ ನಿಂತರು. ಕೈ ಕಂಬಿಯತ್ತ ಹೋಯಿತು, ಹಿಂದಕ್ಕೆ ಬಂತು. ಒಂದು ಹೆಜ್ಜೆ ಇಟ್ಟರು. ಮಂಡಿ ಮೆಲ್ಲಗೆ ಬಾಗಿತು, ತಡೆದು ನಿಂತಿತು. ಇನ್ನೊಂದು ಹೆಜ್ಜೆ. ಪ್ಯಾಂಟಿನೊಳಗಿಂದ ಸೇವಂತಿಗೆಯ ಎಸಳುಗಳು ಒಂದೊಂದೇ ಉದುರುತ್ತ ಬಂದವು. ಥೆರಪಿಸ್ಟ್ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಾವ ಮಾತ್ರ ಅರ್ಧ ಕಣ್ಣು ಮುಚ್ಚಿಕೊಂಡು, ಎಲ್ಲಿಗೋ ಹೊರಟವರ ಹಾಗೆ, ಕೆಳಗಿನವರೆಗೂ ಇಳಿದುಬಿಟ್ಟರು!

"ಇನ್ನು ಇದು ನಿಮ್ಮದೇ," ಎಂದರು ಥೆರಪಿಸ್ಟ್. ನಾನು ಚಪ್ಪಾಳೆ ಹೊಡೆದೆ.

ಮಾವ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಅವರ ಹಿಂದೆಯೇ ಇಳಿದು ಬಂದಿದ್ದ ಅತ್ತೆ ಎರಡೂ ಕೈ ಚಾಚಿಕೊಂಡು ಅಲ್ಲೇ ನಿಂತಿದ್ದರು. ಕಾಲು ಹೋದಾಗಿನಿಂದ, ಗಂಡ ಬಿದ್ದರೆ ಹಿಡಿಯಲೆಂದು, ಅವರು ನಡೆದದ್ದೆಲ್ಲ ಹಾಗೆ ಬೆನ್ನ ಹಿಂದೆಯೇ.

"ಇನ್ನು ಹಿಂದೆ ಬೇಡ ಕಣೇ," ಎಂದರು ಮಾವ. "ಪಕ್ಕದಲ್ಲಿ ಬಾ."

ಚಾಚಿದ ಕೈಗಳನ್ನು ಏನು ಮಾಡಬೇಕೆಂದು ಅತ್ತೆಗೆ ತಿಳಿಯಲಿಲ್ಲ. ಒಂದರಿಂದ ಕಣ್ಣೊರೆಸಿಕೊಂಡರು. ಇನ್ನೊಂದನ್ನು ಮಾವ ಹಿಡಿದುಕೊಂಡರು.