ಮೋಟಾರು ಮನೆಯ ಬೀಗದಕೈ ವಾಪಸು ಪಡೆಯಬೇಕಾಗಿ

ಇಂದ:
ಮಾಲಾ, ಹನುಮಣ್ಣನವರ ಮಗಳು, ವಯಸ್ಸು ಇಪ್ಪತ್ತು, ಎಸ್ಸೆಸ್ಸೆಲ್ಸಿ ಪಾಸು (ಎರಡನೇ ಸಲಕ್ಕೆ), ಬಂಡೆಹಟ್ಟಿ, ಮೊಳಕಾಲ್ಮೂರು ತಾಲ್ಲೂಕು.

ಗೆ:
ಅಧ್ಯಕ್ಷರು, ಗ್ರಾಮ ಪಂಚಾಯ್ತಿ, ಬಂಡೆಹಟ್ಟಿ.

ವಿಷಯ: ಅರ್ಜಿದಾರಳನ್ನು ನೀರುಗಂಟಿ ಕೆಲಸಕ್ಕೆ ಖಾಯಂ ಮಾಡದಿರುವ ಬಗ್ಗೆ.

ಉಲ್ಲೇಖ: 1. ಖಾಯಂ ಮಾಡುವುದಾಗಿ ತಾವು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ ಮಾತು, ದಿ. 14-3-2001.
2. ಅಜ್ಜಿ ಕೆಂಚಕ್ಕನವರ ಕಥೆ, ದಿನಾಂಕ ಇಲ್ಲ.

ಮಾನ್ಯರೇ,

ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಉಲ್ಲೇಖ ಎರಡರ ಪ್ರಕಾರ ಪಟ್ಟದಾನೆ ಬಂದು ಬಡವರ ಕೊರಳಿಗೆ ಹಾರ ಹಾಕಿ ರಾಜ್ಯ ಕೊಡುತ್ತದೆ. ಅರ್ಜಿದಾರಳು ಬುದ್ಧಿ ಬಂದಾಗಿನಿಂದ ಕಾದಳು. ಆನೆ ಬರಲಿಲ್ಲ. ನೀರುಗಂಟಿ ಪಾಲಣ್ಣನವರು ಕಣ್ಣಿನ ಆಪರೇಷನ್ನಿಗೆ ಚಳ್ಳಕೆರೆಗೆ ಹೋದ ಕಾರಣ, ಹತ್ತು ದಿನದ ಮಟ್ಟಿಗೆ ಊರಿಗೆ ನೀರು ಬಿಡುವ ಮೋಟಾರು ಮನೆಯ ಬೀಗದಕೈ ಬಂತು.

2. ಮೊದಲನೇ ದಿನ ತನ್ನ ಮನೆಗೆ ಎರಡು ಕೊಡ ಮೊದಲು ಹಿಡಿದಳು. ಮೂರನೇ ದಿನ ತೊಟ್ಟಿ ತುಂಬಿತು. ಐದನೇ ದಿನ ಎಮ್ಮೆಗೆ ಸ್ನಾನವಾಯಿತು. ಎಮ್ಮೆ ಕೇಳಿರಲಿಲ್ಲ.

3. ಏಳನೇ ದಿನ ಹಿಂದಿನ ಬೀದಿಗೆ ನೀರು ಬಿಡಲಿಲ್ಲ. ಕಾರಣ, ಅರ್ಜಿದಾರಳು ಹಿಂದೊಮ್ಮೆ ಕನಸು ಕಾಣುತ್ತ ಕುರಿಗಳನ್ನು ಕಂಡವರ ಶೇಂಗಾ ಹೊಲಕ್ಕೆ ನುಗ್ಗಿಸಿದ್ದಾಗ, ಆ ಬೀದಿಯ ವೀರಮ್ಮನವರು "ಲೇ ಮಾಲಾ, ನಿನಗಿಂತ ನಿಮ್ಮ ಟಗರಿಗೆ ಬುದ್ಧಿ ಐತೆ" ಎಂದಿದ್ದರು. ಮಾತು ನಿಜವಿತ್ತು, ಆದ್ದರಿಂದ ಮರೆಯಲಾಗಿರಲಿಲ್ಲ. ಅವರ ಮನೆಯಲ್ಲಿ ಈಗ ಬಾಣಂತಿ. ಸಂಜೆ ಖಾಲಿ ಕೊಡ ಹಿಡಿದು ಬಂದು, "ನೀವೇ ದೊಡ್ಡ ಮನಸ್ಸು ಮಾಡ್ಬೇಕ್ರಿ" ಎಂದರು. ಮೂವತ್ತು ವರ್ಷ ಹಿರಿಯರು 'ನೀವು' ಎಂದರು. ಅರ್ಜಿದಾರಳಿಗೆ ನಾಚಿಕೆಯಾಗಬೇಕಿತ್ತು. ಹಿತವಾಯಿತು. ಕೇಳಿಸದವಳಂತೆ ನಿಂತು, ಇನ್ನೊಮ್ಮೆ ಅನ್ನಿಸಿಕೊಂಡ ಮೇಲೆಯೇ ನೀರು ಬಿಟ್ಟಳು.

4. ಪಾಲಣ್ಣನವರು ಹದಿನೈದು ವರ್ಷ ತಮ್ಮ ಮನೆಯ ಕೊಡವನ್ನು ಎಲ್ಲರದೂ ಆದ ಮೇಲೆ ಇಟ್ಟವರು. ಎಷ್ಟೋ ದಿನ ನೀರು ಮುಗಿದು, ಹೆಂಡತಿ ಪಾತಮ್ಮನವರಿಂದ ಬೈಸಿಕೊಂಡವರು. ಪಾಪ, ಪೆದ್ದರು ಎಂದೇ ಅರ್ಜಿದಾರಳ ತಿಳುವಳಿಕೆ. ಮೊನ್ನೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದವರನ್ನು, ನಿಮ್ಮ ಕೊಡ ಯಾಕೆ ಕೊನೆಗೆ ಎಂದು ಕೇಳಿದಳು.

"ನಾನೇನು ದೇವರಂಥೋನಲ್ಲ ತಾಯಿ. ನಮ್ಮನೇದು ತುಂಬಿದ್ಮ್ಯಾಲೆ ಊರಿಗೆ ಬಿಡಾಕೆ ಬ್ಯಾಸರ ಆಗ್ತೈತೆ. ನನ್ನ ಗುಣ ನಂಗೆ ಗೊತ್ತೈತಲ್ಲ" ಎಂದರು.

5. ಅವರಿಗೆ ಮೋಟಾರು ಓಡಿದ ಲೆಕ್ಕದ ಪುಸ್ತಕ ಬರೆಯಲು ಬಾರದು ಎಂಬುದು ತಮ್ಮ ಆಕ್ಷೇಪ. ಪುಸ್ತಕವನ್ನು ಅರ್ಜಿದಾರಳು ದಿನಾ ಬಿಟ್ಟಿ ಬರೆದುಕೊಡುವಳು. ಅಪ್ಪನಿಗೆ ಇದನ್ನು ತಿಳಿಸಬಾರದು. ಅವರು ಆಗಲೇ ಮಗಳು ಖಾಯಂ ಆದ ಖುಷಿಗೆ ಬೀದಿಗೆಲ್ಲ ಮಂಡಕ್ಕಿ ಹಂಚಿದ್ದಾರೆ.

ಆದ್ದರಿಂದ, ಕೆಲಸ ಬೇಕಾಗಿದ್ದರೂ, ಬಹಳ ಬೇಕಾಗಿರುವ ಕಾರಣಕ್ಕೇ, ಪಾಲಣ್ಣನವರನ್ನು ಮುಂದುವರಿಸಬೇಕಾಗಿ ಕೋರಿಕೆ.

ಇಂತಿ ತಮ್ಮ ವಿಶ್ವಾಸಿ, ತನ್ನ ಮೇಲೆ ಮಾತ್ರ ವಿಶ್ವಾಸವಿಲ್ಲದ,
ಮಾಲಾ

ಅಡಕ:
1. ಪಾಲಣ್ಣನವರ ಹೆಬ್ಬೆಟ್ಟಿನ ಒಪ್ಪಿಗೆ.
2. ಅಂಕಪಟ್ಟಿಯ ನಕಲು (ಗಣಿತ ನೋಡಬಾರದು).
3. ಬೀಗದಕೈ: ಲಗತ್ತಿಸಿಲ್ಲ. ಅರ್ಜಿದಾರಳು ಮೂರು ಸಲ ಕೊಡಲು ಹೋಗಿ ಮೂರು ಸಲವೂ ವಾಪಸು ತಂದಿದ್ದಾಳೆ. ಇಂದು ಸಂಜೆ ನೀರು ಬಿಡುವುದರೊಳಗೆ ಗಟ್ಟಿ ಆಳೊಬ್ಬರನ್ನು ಕಳಿಸಿ ಕಿತ್ತುಕೊಳ್ಳುವುದು.